ಹಿಡಿ ಅಕ್ಕಿಗೆ ಮನೆ ನೋಡಿದ್ದು

ನಾಗೇಶ್ವರ ಸ್ವಾಮಿ ನಮ್ಮೆಲ್ಲರ ಬೆನ್ನಿಗಿರಲಿ

ಬೇಗೂರು
8 ಡಿಸೆಂಬರ್ 2025, ಸೋಮವಾರ

ನನ್ನ ಮಗಳು ಆಶಾರಾಣಿಗೆ,

ಇಲ್ಲಿ ನಾನು, ನಿನ್ನ ಅಪ್ಪ, ಬಾಡಿಗೆ ಮನೆಯವರು ಎಲ್ಲರೂ ಚೆನ್ನಾಗಿದ್ದೇವೆ. ಕಾಡುಗೋಡಿಯ ಪಿ.ಜಿ.ಯಲ್ಲಿ ನೀನೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ಹೋದ ವಾರವೇ ಬರೆಯಬೇಕಿತ್ತು. ಕಡೇ ಕಾರ್ತಿಕದ ಪಾತ್ರೆಗಳನ್ನು ತಿಕ್ಕಿ ಅಟ್ಟಕ್ಕೆ ಹಾಕುವುದು, ಮಹಡಿ ಮನೆಯ ನಲ್ಲಿ ರಿಪೇರಿ, ಅದೂ ಇದೂ ಎಂದು ದಿನ ಹೋದವು. ಅದಕ್ಕಿಂತ ಹೆಚ್ಚಾಗಿ ನೀನು ಫೋನ್ ಎತ್ತಬಹುದು ಎಂದು ಕಾದೆ. ನೀನು ಎತ್ತಲಿಲ್ಲ. ಮೆಸೇಜು ನೋಡಿದ್ದೀಯ ಎಂದು ಮಾತ್ರ ಗೊತ್ತಾಗುತ್ತಿದೆ.

ನಾನು ಕಾಗದ ಹಿಡಿದು ಕೂತದ್ದು ನೋಡಿ ನಿನ್ನ ಅಪ್ಪ ನಕ್ಕರು. "ಅಲ್ವೇ, ಒಂದೇ ಬೆಂಗಳೂರಲ್ಲಿ ಇದ್ಕೊಂಡು ಪೋಸ್ಟ್ ಹಾಕ್ತೀಯಲ್ಲ. ಮೆಟ್ರೋ ಹತ್ತಿದ್ರೆ ಸಾಯಂಕಾಲದೊಳಗೆ ಹೋಗಿ ಬರ್ತೀಯ" ಎಂದರು. ಹೋಗಬಹುದು. ಆದರೆ ಎದುರಾ ಬದರಾ ಕೂತರೆ ನೀನೂ ಬಾಯಿ ಮಾಡುತ್ತೀಯ, ನಾನೂ ಬಾಯಿ ಮಾಡುತ್ತೇನೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಕಾಗದದಲ್ಲಾದರೆ ನನ್ನ ಮಾತು ಮುಗಿಯುವ ತನಕ ನೀನು ಕೇಳಲೇಬೇಕು.

ನಿನ್ನ ಕೋಪ ಏತಕ್ಕೆ ಎಂದು ನನಗೆ ಗೊತ್ತು. ನಮ್ಮ ಭಜನೆ ಹೆಂಗಸರ ಹಿಡಿ ಅಕ್ಕಿ ನಿಮ್ಮ ಟ್ರಸ್ಟಿಗೇ ಬರುತ್ತದೆ ಎಂದು ನೀನು ಆಫೀಸಿನಲ್ಲಿ ಹೇಳಿಬಿಟ್ಟಿದ್ದೆ. ನಾನು ದೇವಸ್ಥಾನದಲ್ಲಿ ಎಲ್ಲರ ಮುಂದೆ ಎದ್ದು ನಿಂತು ಬೇಡ ಎಂದೆ. "ಬೇರೆ ಯಾರಾದ್ರೂ ಬೇಡ ಅಂದಿದ್ರೆ ಸುಮ್ನಿರ್ತಿದ್ದೆ ಅಮ್ಮ. ನೀನೇ ಅಂದ್ಬಿಟ್ಯಲ್ಲ. ನಾಳೆ ನಾನು ಅಲ್ಲಿ ಹೇಗೆ ಮುಖ ತೋರಿಸ್ಲಿ" ಎಂದು ಕೇಳಿ ನೀನು ಫೋನ್ ಇಟ್ಟುಬಿಟ್ಟೆ. ನಾನು ಯಾಕೆ ಹಾಗೆ ಮಾಡಿದೆ ಎಂದು ಬೇರೆಯವರ ಬಾಯಲ್ಲಿ ಕೇಳಬೇಡ, ನನ್ನಿಂದಲೇ ಕೇಳು.

ಹಿಡಿ ಅಕ್ಕಿ ಎಂದರೆ ನಮಗೆ ಏನು ಎಂದು ನಿನಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಅನ್ನಕ್ಕೆ ಅಕ್ಕಿ ತೊಳೆಯುವ ಮುಂಚೆ ದೇವರ ಹೆಸರಿನಲ್ಲಿ ಒಂದು ಹಿಡಿ ಬೇರೆ ತೆಗೆದಿಡುವುದು ನಿನ್ನ ಅಜ್ಜಿಯ ಕಾಲದಿಂದ ಬಂದ ಪದ್ಧತಿ. ನಮ್ಮ ಹೊಲವೆಲ್ಲ ಲೇಔಟ್ ಆಯಿತು, ಕಣ ಇದ್ದ ಜಾಗದಲ್ಲಿ ಬಾಡಿಗೆ ಮನೆ ಎದ್ದಿತು, ಆದರೂ ಹಿಡಿ ಅಕ್ಕಿ ನಿಂತಿಲ್ಲ. ಮೊದಲು ಅದೆಲ್ಲ ಕಾರ್ತಿಕದ ಪೊಂಗಲಿಗೆ ಸರಿಹೋಗುತ್ತಿತ್ತು. ಈಗ ಬಾಡಿಗೆಗೆ ಬಂದ ಹೆಣ್ಣುಮಕ್ಕಳೂ ಹಾಕುತ್ತಾರೆ. ಮಹಡಿ ಮೇಲಿನ ಕಮಲಮ್ಮನನ್ನು ನೀನು ಇನ್ನೂ ನೋಡಿಲ್ಲ, ಹಾವೇರಿ ಕಡೆಯವಳು, ಅವಳ ಮಗ ಸಿದ್ದಾರ್ಥ್ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತಾನೆ. ಅವಳು ಬಂದ ಹೊಸದರಲ್ಲಿ ಒಂದು ಹಿಡಿ ಜೋಳ ತಂದು ದೇವಸ್ಥಾನದ ಅಕ್ಕಿ ಡ್ರಮ್ಮಿಗೆ ಹಾಕಿಬಿಟ್ಟಿದ್ದಳು. ಎಲ್ಲರೂ ಕೂತು ಆರಿಸಬೇಕಾಯಿತು. ಹೀಗೆ ಜನ ಹೆಚ್ಚಾಗಿ ಡ್ರಮ್ಮಿನ ಮುಚ್ಚಳ ಕೂರದಂತಾಯಿತು. ಇನ್ನು ಮೇಲೆ ತಿಂಗಳಾ ತಿಂಗಳಾ ಮಕ್ಕಳನ್ನು ಸಾಕುವ ಕಡೆ ಯಾವುದಕ್ಕಾದರೂ ಕೊಡೋಣ ಎಂದು ನಾವೇ ಹೆಂಗಸರು ಗೊತ್ತು ಮಾಡಿದೆವು.

ಯಾವ ಕಡೆಗೆ ಎಂಬ ಮಾತು ಬಂದಾಗ ದೇವಸ್ಥಾನದ ಕಮಿಟಿಯ ಪಾಪಯ್ಯನವರು ಕಂಬಕ್ಕೆ ಒರಗಿಕೊಂಡೇ ಹೇಳಿದರು. "ನೀವು ಸುಮ್ನೆ ಮೀಟಿಂಗ್ ಮಾಡ್ತಿದೀರ ಕಣ್ರಮ್ಮ. ಅಶ್ವತ್ಥಮ್ಮನ ಮಗಳು ಎಲ್ಲಿ ಸಂಬಳ ತಗೋತಾಳೋ ಅಲ್ಲಿಗೆ ಹೋಗುತ್ತೆ ನಿಮ್ಮ ಅಕ್ಕಿ."

ನನಗೆ ಮೈ ಉರಿಯಿತು. ನಿಜ ಹೇಳುತ್ತೇನೆ ಆಶಾ, ನನ್ನ ಮನಸ್ಸಿನಲ್ಲಿಯೂ ನಿಮ್ಮ ಟ್ರಸ್ಟೇ ಇತ್ತು. ಮಗಳು ಕೆಲಸ ಮಾಡುವ ಕಡೆ, ಅನಾಥ ಮಕ್ಕಳು, ಇನ್ನೇನು ಬೇಕು ಎಂದುಕೊಂಡಿದ್ದೆ. ಆದರೆ ಅವರು ಹಾಗೆ ಅಂದ ಮೇಲೆ ನೋಡದೆ ಕೊಡುವ ಹಾಗಿರಲಿಲ್ಲ. "ಹೋಗಿ ನೋಡ್ಕೊಂಡು ಬರ್ತೀವಿ. ಆಮೇಲೆ ಹೇಳ್ತೀವಿ" ಎಂದೆ.

ಎದುರುಮನೆ ರುದ್ರಮ್ಮತ್ತೆ ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. "ಎಣ್ಣು ಕೊಡೋ ಮನೆ ನೋಡ್ದಂಗೆ ನೋಡಾಣ ಕಣೇ. ಏಳ್ದೆ ಓಗ್ಬೇಕು. ನೀರು ಕೇಳ್ಬೇಕು. ಇತ್ಲು ನೋಡ್ಬೇಕು. ಪಕ್ಕದಂಗಡೀಲಿ ಇಚಾರಿಸ್ಬೇಕು" ಎಂದರು. ನಮ್ಮ ಕೇರಿಯ ಹೆಣ್ಣುಮಕ್ಕಳಿಗೆಲ್ಲ ಗಂಡಿನ ಮನೆ ನೋಡಿ ಬಂದವರು ಅವರು. ಅವರು ಬೇಡ ಎಂದ ಮನೆಗೆ ಯಾರೂ ಕೊಡುತ್ತಿರಲಿಲ್ಲ. ಅವರು, ನಾನು, ಕಮಲಮ್ಮ ಮೂವರೂ ಹೋಗುವುದೆಂದು ಆಯಿತು.

ನಾನು ನಿನಗೆ ಫೋನ್ ಮಾಡಿ, ಇಂಥ ಸಂಸ್ಥೆ ನಂಬಿಕಸ್ಥ ಹೌದೋ ಅಲ್ಲವೋ ಎಂದು ಹೇಗೆ ತಿಳಿಯುವುದು ಎಂದು ಕೇಳಿದ್ದು ನೆನಪಿದೆಯಲ್ಲ. ನೀನು ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದೆ. ನೋಂದಣಿ ಇದೆಯಾ, ವರ್ಷಾ ವರ್ಷಾ ಆಡಿಟ್ ಆಗಿದೆಯಾ, ಟ್ರಸ್ಟಿಗಳು ಎಲ್ಲ ಒಂದೇ ಮನೆಯವರಾ, ಬಂದದ್ದರಲ್ಲಿ ಮಕ್ಕಳಿಗೆ ಹೋಗುವುದೆಷ್ಟು, ಕೊಟ್ಟದ್ದಕ್ಕೆ ರಸೀತಿ ಕೊಡುತ್ತಾರಾ. ಏಳನೇ ತರಗತಿಯವರೆಗೆ ಊರ ಶಾಲೆಯಲ್ಲಿ ಓದಿದವಳು ನಾನು, ಸ್ತೋತ್ರ ಕಲಿತ ಹಾಗೆ ಅದನ್ನೆಲ್ಲ ಬಾಯಿಪಾಠ ಮಾಡಿಕೊಂಡೆ.

ಮೊದಲು ನಿಮ್ಮ ಕಡೆಗೇ ಬಂದೆವು. ನೀನು ಮೈಸೂರಿಗೆ ಹೋದ ದಿನವನ್ನು ಬೇಕೆಂದೇ ಆರಿಸಿದೆ. ಮನೆ ನೋಡುವಾಗ ನಮ್ಮ ಹುಡುಗಿ ಒಳಗಿರಬಾರದು. ಹೊಂಗಸಂದ್ರದಲ್ಲಿ ಮೆಟ್ರೋ ಹತ್ತಿ, ಎರಡು ಕಡೆ ಬದಲಾಯಿಸಿ, ಕಾಡುಗೋಡಿಯಲ್ಲಿ ಇಳಿದೆವು. ರುದ್ರಮ್ಮತ್ತೆ ದಾರಿ ಉದ್ದಕ್ಕೂ ಕಿಟಕಿಯಲ್ಲಿ ಕಾಣುವ ಜಾಗಗಳಲ್ಲಿ ಹಿಂದೆ ಏನು ಬೆಳೆಯುತ್ತಿದ್ದರು ಎಂದು ಕಮಲಮ್ಮನಿಗೆ ಹೇಳುತ್ತಾ ಬಂದರು.

ನಿಮ್ಮ ಆಫೀಸು ನೋಡಿ ನನಗೆ ಕಣ್ಣು ತುಂಬಿತು. ಗಾಜಿನ ಬಾಗಿಲು, ನೆಲದಲ್ಲಿ ಮುಖ ಕಾಣುತ್ತದೆ. ಗೋಡೆಯ ತುಂಬ ನೀನು ತೆಗೆದ ಮಕ್ಕಳ ಫೋಟೋಗಳು, ಒಂದೊಂದೂ ಬಾಗಿಲಿನಷ್ಟು ದೊಡ್ಡದು, ಕೆಳಗೆ ನಿನ್ನ ಹೆಸರು. "ಇದೆಲ್ಲ ನನ್ನ ಮಗಳು ತೆಗೆದಿದ್ದು" ಎಂದು ಕಮಲಮ್ಮನಿಗೆ ತೋರಿಸಿದೆ. "ಅಕ್ಕಾರ, ಜೀವಾನ ಐತ್ ನೋಡ್ರಿ ಕಣ್ಣಾಗ" ಎಂದಳು. ಅಷ್ಟು ಹೊತ್ತಿಗೆ ನಿಮ್ಮ ಮ್ಯಾನೇಜರ್ ಹರ್ಷವರ್ಧನ್ ಬಂದು ನಗುನಗುತ್ತಾ ಕೂರಿಸಿದರು. ನಾನು ಯಾರು ಎಂದು ಹೇಳಲಿಲ್ಲ, ಬೇಗೂರಿನಿಂದ ಬಂದಿದ್ದೇವೆ ಎಂದೆ ಅಷ್ಟೆ.

ಅಲ್ಲಿ ಒಂದು ಎಡವಟ್ಟಾಯಿತು. ರುದ್ರಮ್ಮತ್ತೆಗೆ ಅಭ್ಯಾಸ ಬಲ ನೋಡು. ಕೂತವರೇ ಕೇಳತೊಡಗಿದರು. "ಎಸ್ರೇನಪ್ಪ? ಇರೀಕರು ಯಾವ ಕಡೆಯೋರು? ಮನೇಲಿ ಯಾರ್ ಯಾರ್ ಇದೀರ? ಸಂಬಳ ಒತ್ತಿಗೆ ಸರಿಯಾಗಿ ಬತ್ತದಾ?"

ಆ ಹುಡುಗ ಕಿವಿ ಕೆಂಪು ಮಾಡಿಕೊಂಡು, "ಆಂಟಿ, ನಂಗೆ ಮದ್ವೆ ಆಗಿದೆ" ಎಂದು ಫೋನಿನಲ್ಲಿ ಹೆಂಡತಿಯ ಫೋಟೋ ತೆಗೆದು ತೋರಿಸಿದ. ಕಮಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಆಗಿದ್ರೆ ಸಂತೋಷ ಕಣಪ್ಪ. ನಾವು ನಿಂಗೆ ಎಣ್ಣು ಕೊಡಾಕ್ ಬಂದಿಲ್ಲ, ಅಕ್ಕಿ ಕೊಡಾಕ್ ಬಂದಿರಾದು" ಎಂದರು ರುದ್ರಮ್ಮತ್ತೆ.

ಅಕ್ಕಿ ಎಂದ ತಕ್ಷಣ ಅವನ ಮುಖ ಸ್ವಲ್ಪ ಇಳಿಯಿತು. "ಅಕ್ಕಿ ಕಷ್ಟ ಆಂಟಿ. ನಮ್ಮ ಊಟ ಎಲ್ಲ ಕಾಂಟ್ರಾಕ್ಟ್, ಹೊರಗಿಂದ ಬರುತ್ತೆ. ಅಕ್ಕಿನ ನೀವೇ ಮಾರಿ ಆನ್‌ಲೈನಲ್ಲಿ ಹಾಕ್ಬಿಡಿ. ಬೇಕಾದ್ರೆ ಒಂದಿನ ಡ್ರಮ್ ತಗೊಂಡು ಎಲ್ಲ ಲೇಡೀಸೂ ಬನ್ನಿ, ಒಳ್ಳೆ ಫೋಟೋ ತೆಗೆಸೋಣ" ಎಂದ. ನೀನು ಹೇಳಿಕೊಟ್ಟದ್ದನ್ನೆಲ್ಲ ಕೇಳಿದೆ. ಎಲ್ಲ ಕಾಗದವೂ ಸರಿಯಾಗಿತ್ತು, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ರುದ್ರಮ್ಮತ್ತೆ ನೀರು ಕೇಳಿದರು. ಸೀಲ್ ಹಾಕಿದ ಬಾಟಲಿ ಬಂತು. ಮಕ್ಕಳನ್ನು ನೋಡಬಹುದಾ ಎಂದರೆ, ಹೊರಗಿನವರನ್ನು ಹಾಗೆಲ್ಲ ಬಿಡುವುದಿಲ್ಲ, ಮೊದಲೇ ಹೇಳಿ ಬಂದರೆ ಹಾಲಿಗೆ ಕರೆಸುತ್ತೇವೆ ಎಂದ. ಅದು ಸರಿಯಾದ ಮಾತೇ ಇರಬಹುದು. ಕಂಡವರೆಲ್ಲ ನುಗ್ಗಿದರೆ ಮಕ್ಕಳಿಗೂ ಕಷ್ಟ. ಅಡಿಗೆಮನೆ, ಮಲಗುವ ಜಾಗ ತೋರಿಸಪ್ಪ ಎಂದರೆ ಅದಕ್ಕೂ ಇನ್ನೊಂದು ದಿನ ಎಂದ.

ಹೊರಗೆ ಬಂದ ಮೇಲೆ ರುದ್ರಮ್ಮತ್ತೆ, "ಮನೆ ನೀರು ಕೊಡ್ನಿಲ್ಲ, ಇತ್ಲು ತೋರ್ಸ್ನಿಲ್ಲ. ನಾನ್ ಊಂ ಅನ್ನಾಕಿಲ್ಲ ಕಣೇ" ಎಂದರು. ನಾನು ಏನೂ ಹೇಳದೆ ಮೆಟ್ರೋ ಹತ್ತಿದೆ.

ಆ ವಾರವೇ ಜಾಲಹಳ್ಳಿಗೆ ಹೋದೆವು. ಅಲ್ಲಿ ಸರ್ಕಾರಿ ಕಾರ್ಖಾನೆಯಲ್ಲಿದ್ದು ರಿಟೈರಾದ ಪರಮಾನಂದ ಎಂಬುವರು, ಅವರ ಹೆಂಡತಿ ಮತ್ತೆ ಐದಾರು ಜನ ಸ್ನೇಹಿತರು ಸೇರಿ ಮಕ್ಕಳ ಮನೆ ನಡೆಸುತ್ತಾರೆ. ಪೀಣ್ಯದ ಫ್ಯಾಕ್ಟರಿಗಳಿಗೆ ರಾಯಚೂರು, ಯಾದಗಿರಿ ಕಡೆಯಿಂದ ಬಂದು ಶಿಫ್ಟಿನಲ್ಲಿ ದುಡಿಯುವವರ ಮಕ್ಕಳು ಅಲ್ಲಿ ಇದ್ದುಕೊಂಡು ಶಾಲೆಗೆ ಹೋಗುತ್ತಾರೆ. ಹಳೇ ಮನೆ, ಬಣ್ಣ ಹೋಗಿದೆ. ನಾವು ಹೋದಾಗ ಆ ಮನುಷ್ಯ ಒಂದು ಹುಡುಗಿಗೆ ಭಾಗಾಕಾರ ಹೇಳಿಕೊಡುತ್ತಿದ್ದರು. ತಲೆ ಎತ್ತಿ ನೋಡಿ, "ಬನ್ನಿ, ಕೂತ್ಕೊಳ್ಳಿ. ಇವಳದ್ದು ಮುಗೀಲಿ" ಎಂದು ಮತ್ತೆ ಲೆಕ್ಕಕ್ಕೆ ಹೋದರು.

ರುದ್ರಮ್ಮತ್ತೆಗೆ ಕೋಪ. "ಕಾರಲ್ಲಿ ಬಂದಿದ್ರೆ ಏಳ್ತಿದ್ದ" ಎಂದು ನನ್ನ ಕಿವಿಯಲ್ಲಿ ಗೊಣಗಿದರು. ಆಮೇಲೆ ಸುಮ್ಮನೆ ಕೂರಲಾರದೆ, "ಅಡಿಗೆಮನೆ ಎಲ್ಲೈತವ್ವಾ" ಎಂದು ಒಂದು ಮಗುವನ್ನು ಕೇಳಿ ಒಳಗೆ ಹೋಗಿಯೇಬಿಟ್ಟರು. ಯಾರೂ ತಡೆಯಲಿಲ್ಲ. ಪರಮಾನಂದರ ಹೆಂಡತಿ ಒಲೆ ಮುಂದೆ ಇದ್ದರಂತೆ. ಇವರು ಮುಚ್ಚಳ ಎತ್ತಿ ನೋಡಿದರೆ, "ಉಪ್ಪು ನೋಡಿ ಹೇಳಿಬಿಡಿ ಅಮ್ಮ, ನಂಗೆ ನೆಗಡಿ" ಎಂದು ಸೌಟು ಕೈಗೆ ಕೊಟ್ಟರಂತೆ. ನುಗ್ಗೆಸೊಪ್ಪಿನ ಸಾರು. ರುದ್ರಮ್ಮತ್ತೆ ಹೊರಗೆ ಬಂದಾಗ ಮುಖವೇ ಬೇರೆಯಾಗಿತ್ತು.

ಭಾಗಾಕಾರ ಮುಗಿಸಿ ಬಂದವರು ಮೊದಲು ತಮ್ಮ ಹುಳುಕೆಲ್ಲ ಹೇಳಿಕೊಂಡರು. "ಮಳೆ ಬಂದ್ರೆ ಮೇಲಿನ ರೂಮಲ್ಲಿ ಬಕೆಟ್ ಇಡ್ತೀವಿ. ಹೋದ ವರ್ಷ ಆಡಿಟ್ ತಡ ಆಯ್ತು, ದಂಡ ಕಟ್ಟಿದೀವಿ. ಒಬ್ಬಳು ಹುಡುಗಿ ಹೇಳ್ದೆ ಹೊರಟುಹೋಗಿದ್ಲು, ಪೊಲೀಸ್ ಕಂಪ್ಲೇಂಟ್ ಕೊಟ್ಟು ಹುಡುಕಿಸಿದ್ವಿ. ಬೀದೀಲಿ ವಿಚಾರಿಸಿದ್ರೆ ಹೇಗೂ ಹೇಳ್ತಾರೆ, ನನ್ನಿಂದ್ಲೇ ಕೇಳ್ಕೊಳ್ಳಿ" ಎಂದರು.

ನಾನು ನೀನು ಹೇಳಿಕೊಟ್ಟದ್ದನ್ನು ಒಂದೊಂದಾಗಿ ಕೇಳಿದೆ. ಅವರು ಕಡತ ತಂದು ಮುಂದೆ ಇಟ್ಟು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ತಾಯಿ, ಇಷ್ಟು ಸರಿಯಾಗಿ ಕೇಳೋಕೆ ಯಾರು ಹೇಳ್ಕೊಟ್ರು?"

"ನನ್ನ ಮಗಳು. ಅವಳೂ ಇಂಥದ್ದೇ ಕೆಲಸದಲ್ಲಿದಾಳೆ" ಎಂದೆ.

"ಚೆನ್ನಾಗಿ ಕಲಿಸಿದಾಳೆ" ಎಂದರು. ಆ ಒಂದು ಮಾತಿಗೆ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ ಆಶಾ. ನಿನಗೆ ಕೆಲಸ ಸಿಕ್ಕಿದ ದಿನವೂ ಅಷ್ಟು ಆಗಿರಲಿಲ್ಲ.

ಕಡೆಗೆ ಅಕ್ಕಿಯ ಮಾತು ತೆಗೆದರೆ ಅವರೂ ಬೇಡ ಎಂದರು. "ತಪ್ಪು ತಿಳ್ಕೋಬೇಡಿ. ಒಬ್ಬರ ಮನೇದು ಸೋನಾ ಮಸೂರಿ, ಒಬ್ಬರದ್ದು ರೇಷನ್ ಅಕ್ಕಿ, ಇನ್ನೊಬ್ಬರದ್ದು ಕುಸುಬಲಕ್ಕಿ. ಒಟ್ಟಿಗೆ ಹಾಕಿದ್ರೆ ಅರ್ಧ ಮುದ್ದೆ ಆಗುತ್ತೆ, ಅರ್ಧ ಬೇಯೋದೇ ಇಲ್ಲ. ಮಕ್ಕಳಿಗೆ ಹೊಟ್ಟೆನೋವು ಬರುತ್ತೆ" ಎಂದರು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟು ವರ್ಷ ಬೆಲ್ಲ ತುಪ್ಪ ಹಾಕಿ ಕುದಿಸಿ ಕುದಿಸಿ ಪೊಂಗಲ್ ಮಾಡುತ್ತಿದ್ದೆವಲ್ಲ, ಯಾರಿಗೂ ತಿಳಿದಿರಲಿಲ್ಲ. ಕೊಡಲು ಬಂದವರ ಎದುರು ಹೀಗೆ ಹೇಳುವ ಮನುಷ್ಯ ಮಕ್ಕಳ ಹೊಟ್ಟೆ ನೋಡುತ್ತಾನೆ ಎಂದು ನನಗೆ ಆಗಲೇ ನಂಬಿಕೆ ಬಂತು.

ದಾರಿ ತೋರಿಸಿದವಳು ಕಮಲಮ್ಮ. "ಅಷ್ಟಕ್ಕ ಯಾಕ್ ಚಿಂತಿ ಮಾಡ್ತೀರ್ರೀ? ಗಿರಣಿಗೆ ಹಾಕಿ ಬೀಸಿಸಿದ್ರಾತು. ಹಿಟ್ಟಿಗೆ ಯಾವ ಅಕ್ಕಿ ಆದ್ರೇನು? ರೊಟ್ಟಿ ತಿನ್ನೂ ಹುಡುಗ್ರು ಅದಾವ ಇವು" ಎಂದಳು. ಅವಳ ಮಾತು ಕೇಳಿ ಆ ಕಡೆಯ ಮಕ್ಕಳೆಲ್ಲ ಬಂದು ಅವಳನ್ನು ಮುತ್ತಿಕೊಂಡವು. ಆಮೇಲೆ ಪಕ್ಕದ ಅಂಗಡಿಯಲ್ಲಿ ವಿಚಾರಿಸಿದರೆ ಅಂಗಡಿಯವನು, "ಆ ಮೇಷ್ಟ್ರಿಗೆ ಬಾಯಿ ಜೋರು, ಅದೊಂದೇ" ಎಂದ.

ಇನ್ನು ದೇವಸ್ಥಾನದ ದಿನದ್ದು. ಪಾಪಯ್ಯನವರು ಅದೇ ಕಂಬಕ್ಕೆ ಒರಗಿಕೊಂಡಿದ್ದರು. ನಿನ್ನ ಅಪ್ಪ ಮನೆಯಲ್ಲೇ ಹೇಳಿದ್ದರು, "ರುದ್ರಮ್ಮನ ಕೈಲಿ ಹೇಳ್ಸು, ನೀನು ಹೇಳ್ಬೇಡ. ಮಗು ನೊಂದ್ಕೊಳ್ತಾಳೆ" ಎಂದು. ಆದರೆ ನೋಡಿ ಬರುತ್ತೇನೆ ಎಂದು ಒಪ್ಪಿಕೊಂಡವಳು ನಾನು. ಎದ್ದು ನಿಂತೆ. "ನನ್ನ ಮಗಳು ಕೆಲಸ ಮಾಡೋ ಕಡೆ ಹೋಗಿದ್ವಿ. ಅಲ್ಲಿ ಕಾಗದ ಎಲ್ಲ ಸರಿಯಾಗಿದೆ. ಆದ್ರೆ ಒಳಗಿನ ಮನೆ ನಮಗೆ ತೋರಿಸ್ಲಿಲ್ಲ. ನೋಡದೆ ಇರೋ ಮನೆಗೆ ನಾನು ಹೂಂ ಅನ್ನಲ್ಲ. ಜಾಲಹಳ್ಳಿಗೆ ಕೊಡೋಣ, ಹಿಟ್ಟು ಮಾಡಿಸಿ ಕೊಡೋಣ" ಎಂದೆ. ಹೆಂಗಸರೆಲ್ಲ ಆಗಲಿ ಎಂದರು. ಪಾಪಯ್ಯನವರು, "ಗಿರಣಿಗೆ ಸಾಗಿಸೋಕೆ ನಮ್ಮ ಟೆಂಪೋ ಕಳಿಸ್ತೀನಿ ಬಿಡಮ್ಮ" ಎಂದು ಎದ್ದುಹೋದರು.

ನಿನ್ನೆ ಭಾನುವಾರ ಮೊದಲ ಸಲ ಹಿಟ್ಟು ಹೋಯಿತು. ನಾವೇ ಹೋಗಿ ತಟ್ಟಿ ಕೊಟ್ಟೆವು. ಸಬ್ಬಸಿಗೆ ಸೊಪ್ಪು ಹಾಕಿದ ಅಕ್ಕಿರೊಟ್ಟಿ. ಕಮಲಮ್ಮ ಹೆಂಚಿನ ಮುಂದಿನಿಂದ ಏಳಲೇ ಇಲ್ಲ. ಪರಮಾನಂದ ಮೇಷ್ಟ್ರು ರಸೀತಿ ಬರೆದು ಕೊಟ್ಟರು, ಬೇಗೂರಿನ ಹೆಣ್ಣುಮಕ್ಕಳ ಹಿಡಿ ಅಕ್ಕಿ ಎಂದು. ರುದ್ರಮ್ಮತ್ತೆ ಅದನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡು ಮೆಟ್ರೋದಲ್ಲಿ ಪಕ್ಕ ಕೂತವರಿಗೆಲ್ಲ ತೋರಿಸಿದರು.

ನೀನು ಹೇಗೆ ಮುಖ ತೋರಿಸಲಿ ಎಂದು ಕೇಳಿದೆಯಲ್ಲ, ಹೀಗೆ ಹೇಳು: ನಮ್ಮಮ್ಮ ಕಣ್ಣಿಂದ ನೋಡದೆ ಕೊಡುವವಳಲ್ಲ, ನೋಡಬೇಕು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ ಎಂದು ಹೇಳು. ಅದರಲ್ಲಿ ಅವಮಾನ ಏನಿದೆ? ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವಳು ನೀನು. ನಿನ್ನ ಮಾತು ಹಿಡಿದುಕೊಂಡು ನಾನು ಇಬ್ಬರು ಗಂಡಸರ ಎದುರು ಕೂತು ಆಡಿಟ್ ಕೇಳಿ ಬಂದೆ. ನನ್ನ ಅವ್ವ ಇದ್ದಿದ್ದರೆ ನಂಬುತ್ತಿರಲಿಲ್ಲ.

ಚಳಿ ಜಾಸ್ತಿ ಇದೆ, ತಲೆಗೆ ಸ್ನಾನ ಮಾಡಿ ಹಸಿ ಕೂದಲಲ್ಲಿ ಹೊರಗೆ ಹೋಗಬೇಡ. ಇವತ್ತು ಸೋಮವಾರ, ನಿನ್ನ ಹೆಸರಿನಲ್ಲಿ ಬಿಲ್ವಾರ್ಚನೆ ಮಾಡಿಸಿದ್ದೇನೆ, ಪ್ರಸಾದದ ದಳ ಈ ಕಾಗದದೊಳಗಿದೆ, ಕಣ್ಣಿಗೆ ಒತ್ತಿಕೋ. ನಾಗೇಶ್ವರ ನಿನಗೆ ಒಳ್ಳೆ ಬುದ್ಧಿ, ಗಟ್ಟಿ ಜೀವ, ನಿನ್ನಂಥದೇ ಜಾಣೆ ಮಗಳನ್ನು ಕೊಡಲಿ. ನಿನ್ನ ಅಪ್ಪನೂ ಆಶೀರ್ವಾದ ಬರೆ ಎಂದಿದ್ದಾರೆ.

ಇಂತಿ ನಿನ್ನನ್ನು ಹೆತ್ತ
ಅಶ್ವತ್ಥಮ್ಮ

ಕಾಗದ ಮಡಿಚಿಟ್ಟವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಇದನ್ನು ರುದ್ರಮ್ಮತ್ತೆಗೂ ಹೇಳಿಲ್ಲ, ನಿನ್ನ ಅಪ್ಪನಿಗೂ ಹೇಳಿಲ್ಲ, ದೇವಸ್ಥಾನದಲ್ಲೂ ಆಡಲಿಲ್ಲ. ಅವತ್ತು ನಿಮ್ಮ ಕಾಡುಗೋಡಿ ಆಫೀಸಿನಲ್ಲಿ ರುದ್ರಮ್ಮತ್ತೆ, ಕಮಲಮ್ಮ ಮ್ಯಾನೇಜರ್ ಹತ್ತಿರ ಮಾತಾಡುತ್ತಿದ್ದಾಗ ನಾನು ಬಚ್ಚಲಿಗೆಂದು ಎದ್ದು ದಾರಿ ತಪ್ಪಿ ಹಿಂದುಗಡೆ ಮಕ್ಕಳಿರುವ ಕಡೆಗೆ ಹೋಗಿದ್ದೆ. ತೆಳ್ಳನೆ ಲಂಗ ಹಾಕಿಕೊಂಡ ಒಂದು ಹುಡುಗಿ ಹಗ್ಗದ ಮೇಲಿನ ಕೆಂಪು ಸ್ವೆಟರುಗಳನ್ನು ತೆಗೆದು ಮಡಿಚಿ ಚೀಲಕ್ಕೆ ತುಂಬುತ್ತಿದ್ದಳು. ಕೈ ಚಳಿಗೆ ಬಿರಿದಿತ್ತು. ಒಂದು ಹಾಕಿಕೊಳ್ಳಮ್ಮ ಎಂದೆ. "ಇದು ಫೋಟೋದ್ದು ಆಂಟಿ. ಆಶಾ ಅಕ್ಕ ಕ್ಯಾಮೆರಾ ತಂದಾಗ ಹಾಕ್ತಾರೆ, ಆಮೇಲೆ ಬಿಚ್ಚಿಸ್ಕೊಳ್ತಾರೆ" ಎಂದಳು. "ಆಶಾ ಅಕ್ಕ ತುಂಬ ಒಳ್ಳೆಯವರು, ನಂಗೆ ಜಡೆ ಹಾಕಿದ್ರು" ಎಂದೂ ಹೇಳಿದಳು. ನಾನು ನಿನ್ನ ತಾಯಿ ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಸ್ವೆಟರ್ ವಾಪಸ್ ತೆಗೆದುಕೊಳ್ಳುವುದು ನಿನಗೆ ಗೊತ್ತಿತ್ತಾ ಆಶಾ? ಗೊತ್ತಿರಲಿಲ್ಲ ಎಂದರೆ ಇವತ್ತೇ ಫೋನ್ ಮಾಡಿ ಹೇಳು. ಗೊತ್ತಿತ್ತು ಎಂದರೆ ಫೋನಿನಲ್ಲಿ ಹೇಳಬೇಡ, ಮನೆಗೆ ಬಾ.